ಮಡಿಕೆಯಲ್ಲಿ ಒಂದು ತೂತು

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದ್ದೇವೆ.
ಒಂದು ಮೂಲೆಗೆ ಸಕ್ಕರೆ ಡಬ್ಬಿ, ಒಂದಕ್ಕೆ ಟೀ ಕೆಟಲು,
ಮೂರನೆಯದಕ್ಕೆ ನಾದಿನಿ ಬೇಗಾಯಿಮಳ ಮೊಣಕೈ.
ನಾಲ್ಕನೆಯ ಮೂಲೆ ತಾನಾಗಿ ಸುರುಳಿ ಸುತ್ತುತ್ತದೆ,
ಈಗಲೂ ಕಾಲ ಮಿಂಚಿಲ್ಲ, ಬಿಟ್ಟುಬಿಡಿ ಎನ್ನುವ ಹಾಗೆ.

ನಾರಿನ್ ಊರಿನ ನಮ್ಮ ಶಾಲೆಯ ಬೀರುವಿನಿಂದ ತಂದದ್ದು.
ಎಷ್ಟೋ ಕೈಗಳು ಮಡಚಿ ಬಿಚ್ಚಿ, ಬಿಚ್ಚಿ ಮಡಚಿ
ಮಡಿಕೆಗೆ ಮಡಿಕೆ ಕೂಡುವಲ್ಲಿ ತೂತು ಬಿದ್ದಿದೆ,
ಕಡಲೆಕಾಳಿನಷ್ಟು.
ಸರಿಯಾಗಿ ಅಲ್ಲೇ ಇರಬೇಕು ನಾಲ್ಕನೆಯ ಸರೋವರ.
ಬಗ್ಗಿ ನೋಡಿದರೆ ಮೇಜಿನ ಹಾಸು ಕಾಣುತ್ತದೆ,
ಅದರ ಮೇಲಿನ ಚೆರಿಹಣ್ಣಿನದೊಂದು ಚೂರು ಕೆಂಪು.

ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು,
ಬಿಡಿಬಿಡಿಯಾಗಿದ್ದರೆ ಹುಲ್ಲುಗಾವಲು:
ಇಪ್ಪತ್ತಾರು ವರ್ಷ ಇದನ್ನೇ ಪಾಠ ಹೇಳಿದ್ದೇನೆ.
ಏರಿದವಳಲ್ಲ.
ಕೆಂಪು ದಾರವನ್ನು ದಾರಿಯ ಮೇಲೆ ಬಾಗಿಸಿ ಬಾಗಿಸಿ ಇಟ್ಟು
ಎತ್ತಿ ಅಳೆದರೆ ನಾಲ್ಕು ಗೇಣು, ಮೇಲೆರಡು ಬೆರಳು.
ದಾರಕ್ಕೇನು, ಅದಕ್ಕೆ ಏದುಸಿರಿಲ್ಲ.
ಕಾಲಿಗೆ ಒಂಬತ್ತು ದಿನ, ಬೇಗಾಯಿಮಳ ಲೆಕ್ಕದಲ್ಲಿ ಏಳು.
ಅವಳ ಲೆಕ್ಕದಲ್ಲಿ ಮಳೆಯೂ ಇಲ್ಲ, ಮಂಡಿಯೂ ಇಲ್ಲ.

ಒಣ ಏಪ್ರಿಕಾಟು ಮಾರುವ ತಕ್ಕಡಿ
ಸಂತೆಯಿಂದ ಒಂದು ರಾತ್ರಿಗೆ ಎರವಲು ಬಂದಿದೆ.
ಡೇರೆ ಒಂದು ತಟ್ಟೆಗೆ, ಬಟ್ಟು ಇನ್ನೊಂದಕ್ಕೆ.
ಹಿಟ್ಟು, ಬೆಣ್ಣೆ, ಉಪ್ಪು. ಕುರುತ್ ಉಂಡೆಗಳು
ದಿನಕ್ಕೆ ಎಂಟು, ಕಣಿವೆ ದಾಟುವ ದಿನ ಹತ್ತು.
ಸೀಮೆಎಣ್ಣೆ ಒಲೆಯೋ, ಗ್ಯಾಸಿನದೋ ಎಂದು
ಅರ್ಧ ಗಂಟೆ ಜಗಳ.
ಹನಿ ಹನಿ ಕೂಡಿದರೆ ಹಳ್ಳ ಎಂಬುದು
ಹೊರುವವಳ ಬೆನ್ನಿಗೆ ಬೇರೆಯೇ ಅರ್ಥ ಹೇಳುತ್ತದೆ.
ಬ್ರಷ್ಷಿನ ಹಿಡಿ ಮುರಿದೆವು. ಸೋಪು ಅರ್ಧ ಕೊಯ್ದೆವು.
ಅವಳ ತುಟಿಬಣ್ಣ ಮಾತ್ರ
ಆಟಕ್ಕುಂಟು ಲೆಕ್ಕಕ್ಕಿಲ್ಲ.

ಕತ್ತಲಾದ ಮೇಲೆ ಕುದುರೆಯ ವಾಸನೆ ಹೊತ್ತು ಒರ್ಮೋನ್ ಮುದುಕ ಬಂದ.
ನಕ್ಷೆಯನ್ನು ತಲೆಕೆಳಗಾಗಿಯೇ ನೋಡಿದ.
"ಎರಡನೆಯ ಕೆರೆಯ ತನಕ ಕುದುರೆ ಕೊಡುತ್ತೇನೆ.
ಆಮೇಲೆ ಬರೀ ಕಲ್ಲು. ಕುದುರೆಗೆ ಬುದ್ಧಿಯಿದೆ, ಬರುವುದಿಲ್ಲ.
ಹೊಳೆಯನ್ನು ಬೆಳಗಿನ ಜಾವವೇ ದಾಟಿ.
ಆಗ ಅದಕ್ಕೆ ನಿದ್ದೆಗಣ್ಣು, ಮೊಣಕಾಲಷ್ಟೇ.
ಮಧ್ಯಾಹ್ನ ಮೇಲೆ ಹಿಮ ಕರಗಿತೋ,
ಕುಡಿದು ಮನೆಗೆ ಬಂದ ಗಂಡಸು."
ಇಬ್ಬರೂ ನಕ್ಕೆವು. ಬೇಗಾಯಿಮ ಸ್ವಲ್ಪ ತಡವಾಗಿ ನಕ್ಕಳು.

ತೂತು ತೋರಿಸಿ ಕೇಳಿದೆ: ಇಲ್ಲಿ?
ಬೆರಳನ್ನು ಆ ತೂತಿನ ಮೇಲಿಟ್ಟ.
ಉಗುರು ಪೂರ್ತಿ ಮುಚ್ಚಿಬಿಟ್ಟಿತು.
"ಹುಡುಗನಾಗಿದ್ದಾಗ ತಪ್ಪಿಸಿಕೊಂಡ ಹೇಸರಗತ್ತೆ ಹುಡುಕುತ್ತ ಹೋಗಿದ್ದೆ.
ನೀರಿತ್ತು. ಎಂಥ ನೀರು ಎಂದರೆ,"
ಎಂದವನು ಟೀ ಬಟ್ಟಲೊಳಗೆ ನೋಡಿದ.
ಕಾದೆವು. ಗೋಡೆ ಗಡಿಯಾರವೂ ಕಾದಂತಿತ್ತು.
"ಹೇಸರಗತ್ತೆ ಸಿಗಲಿಲ್ಲ," ಎಂದ.
"ಈಗ ಹಿಮದ ಗೋಡೆ ಒಡೆದು ಹರಿದುಹೋಗಿದೆ ಎನ್ನುತ್ತಾರೆ.
ಎನ್ನುವವರು ಯಾರೂ ಹೋದವರಲ್ಲ."

ಅವನು ಹೊರಟ ಮೇಲೆ ಮತ್ತೆ ತಕ್ಕಡಿ.
ಬೇಗಾಯಿಮ ಮೆಟ್ಟಿಲು ಇಳಿಯುವಾಗ
ಎಡಗಾಲನ್ನು ಮೊದಲಿಡುವುದನ್ನು
ಚಳಿಗಾಲದಿಂದ ನೋಡುತ್ತಿದ್ದೇನೆ.
ಅವಳು ಹೇಳಿಲ್ಲ, ನಾನು ಕೇಳಿಲ್ಲ.
ಅವಳು ಬಟ್ಟಲು ತೊಳೆಯಲು ತಿರುಗಿದಾಗ
ಮಂಡಿಗೆ ಸುತ್ತುವ ಉಣ್ಣೆಪಟ್ಟಿಯನ್ನು
ತೂಗದೆಯೇ ನನ್ನ ಚೀಲದ ತಳಕ್ಕೆ ತುರುಕಿದೆ.

"ಕೆರೆ ಇಲ್ಲದಿದ್ದರೆ?" ಎಂದಳು, ಬೆನ್ನು ತಿರುಗಿಸಿಕೊಂಡೇ.
ಆರನೇ ತರಗತಿಯ ಮಕ್ಕಳು ನೆನಪಾದರು.
ಅವರ ಪಟ್ಟಿಯಲ್ಲಿ ಕೆರೆಗೆಲ್ಲ ಒಂದೇ ನೀಲಿ,
ನಾನೇ ಹಾಕಿಸಿದ್ದು.
ಇಲ್ಲದಿದ್ದರೆ, ಎಂದೆ, ಇಲ್ಲ ಅಂತ ಬರೆದುಕೊಂಡು ಬರೋಣ.
ಪೆನ್ಸಿಲ್ ಒಂದು ಸೇರಿಸು. ಮೊಂಡಾದದ್ದೇ ಸಾಕು.

ಅವಳು ಪೆನ್ಸಿಲನ್ನು ತಕ್ಕಡಿಗೆ ಹಾಕಿದಳು.
ಮುಳ್ಳು ಅಲುಗಲಿಲ್ಲ.